ಮೈನ್‌ಫ್ರೇಮ್‌ಗೆ ಡೆವ್‌ಆಪ್ಸ್ ತರೋದಾದ್ರೆ ಯಾವ ದಾರಿ? ಎಂಡೆವರ್, ಗಿಟ್, ಝೋವಿ, ಇಲ್ಲಾ ಪೂರ್ತಿ ಹೊಸದಾಗಿ ಬರೆಯೋದಾ

ಹೋದ ವಾರ ಕೋಲಾರದಿಂದ ನಮ್ಮ ಹಳೇ ಟೀಮಿನ ಹುಡುಗ ಫೋನ್ ಮಾಡಿದ್ದ. "ಅಕ್ಕಾ, ಈ ವರ್ಷ ಮೈನ್‌ಫ್ರೇಮ್ ಕಡೆನೂ ಅಜೈಲ್, ಡೆವ್‌ಆಪ್ಸ್ ಆಗ್ಲೇಬೇಕು ಅಂತ ಮೇಲಿಂದ ಬಂದಿದೆ, ಒಬ್ರು ಎಂಡೆವರೇ ಇಟ್ಕೊಳ್ಳೋಣ ಅಂತಾರೆ, ಇನ್ನೊಬ್ರು ಎಲ್ಲಾ ಗಿಟ್‌ಗೆ ಹಾಕಿ ಅಂತಾರೆ, ಮ್ಯಾನೇಜರು ಈ ಡಬ್ಬಾನೇ ಬೇಡ ಜಾವಾಗೆ ಹೋಗೋಣ ಅಂತಾರೆ, ನಾನು ಯಾರ ಮಾತು ಕೇಳ್ಲಿ" ಅಂದ. (ಮೈನ್‌ಫ್ರೇಮ್ ಅಂದ್ರೆ ಬ್ಯಾಂಕು, ಇನ್ಶೂರೆನ್ಸ್‌ನಂಥೋರ ಲೆಕ್ಕ ನಡೆಸೋ ದೊಡ್ಡ ಕಂಪ್ಯೂಟರ್. ಡೆವ್‌ಆಪ್ಸ್ ಅಂದ್ರೆ ಕೋಡ್ ಬರೆಯೋದು, ಟೆಸ್ಟ್ ಮಾಡೋದು, ಬಳಕೆಗೆ ಕಳಿಸೋದು ಎಲ್ಲಾ ಒಂದೇ ಸರಪಳಿ ಮಾಡಿ ಬೇಗ ನಡೆಸೋದು, ಅಜೈಲ್ ಅಂದ್ರೆ ಕೆಲಸನ ಸಣ್ಣ ತುಂಡು ಮಾಡಿ ಮುಗಿಸ್ತಾ ಹೋಗೋದು. ಎಂಡೆವರ್ ಮೈನ್‌ಫ್ರೇಮ್ ಕೋಡ್‌ನ ಆವೃತ್ತಿಗಳನ್ನ ಕಾಯೋ ಹಳೇ ಟೂಲ್, ಗಿಟ್ ಅದೇ ಕೆಲಸಕ್ಕೆ ಬೇರೆ ಕಡೆಯೆಲ್ಲ ಬಳಸೋ ಟೂಲ್, ಜಾವಾ ಬೇರೊಂದು ಪ್ರೋಗ್ರಾಂ ಭಾಷೆ.) ಇದೇ ಪ್ರಶ್ನೆನ ತುಮಕೂರಿಂದ ಬೆಳಗ್ಗೆ ಟ್ರೈನಲ್ಲಿ ಜೊತೆಗೆ ಬರೋ ಬೇರೆ ಬೇರೆ ಕಂಪನಿಯವ್ರೂ ಕೇಳಿದಾರೆ. ಯಶವಂತಪುರ ಬರೋದ್ರೊಳಗೆ ಹೇಳಿ ಮುಗಿಸೋ ಮಾತಲ್ಲ ಇದು, ಅದಕ್ಕೆ ಕೂತು ಬರೀತಿದೀನಿ. ನಾನು ಹದಿನೇಳು ವರ್ಷದಿಂದ ಕೋಬಾಲ್ (ಮೈನ್‌ಫ್ರೇಮ್‌ನ ಹಳೇ ಪ್ರೋಗ್ರಾಂ ಭಾಷೆ), ಜೆಸಿಎಲ್ (ಜಾಬ್ ಓಡಿಸೋಕೆ ಬರೆಯೋ ಆದೇಶ), ಸಿಐಸಿಎಸ್ (ಗ್ರಾಹಕರ ವ್ಯವಹಾರನ ತಕ್ಷಣ ತಕ್ಷಣ ನಡೆಸೋ ಸಾಫ್ಟ್‌ವೇರ್) ಮಧ್ಯೆನೇ ಇರೋಳು, ಬ್ಯಾಂಕು, ಇನ್ಶೂರೆನ್ಸ್ ಎರಡೂ ಕಡೆ ಕೆಲಸ ಮಾಡಿದೀನಿ, ಕೆಳಗೆ ಹೇಳಿರೋ ದಾರಿಗಳಲ್ಲಿ ಮೂರನ್ನ ಕೈಯಾರೆ ಮಾಡಿ ನೋಡಿದೀನಿ.

ಟೂಲ್‌ಗೆ ಮುಂಚೆ ಒಂದು ಹಾಳೆ

ಮೊದಲು ಟೂಲ್ ಹೆಸರೆಲ್ಲ ಬದಿಗಿಡಿ. ಹಿಂದಿನ ರಿಲೀಸ್‌ನಲ್ಲಿ ಹೋದ ಒಂದು ಚಿಕ್ಕ ಚೇಂಜ್ ತಗೊಳ್ಳಿ, ನಾಲ್ಕು ಸಾಲಿನ ಕೋಬಾಲ್ ಆದ್ರೂ ಸರಿ, ಅದು ರಿಕ್ವೆಸ್ಟ್ ಆಗಿ ಬಂದ ದಿನದಿಂದ ಪ್ರೊಡಕ್ಷನ್‌ಗೆ (ಗ್ರಾಹಕರು ನಿಜವಾಗಿ ಬಳಸೋ ವ್ಯವಸ್ಥೆಗೆ) ಹೋದ ದಿನದವರೆಗೆ ಎಲ್ಲೆಲ್ಲಿ ಎಷ್ಟೆಷ್ಟು ದಿನ ಕೂತಿತ್ತು ಅಂತ ಒಂದು ಹಾಳೆ ಮೇಲೆ ಬರೀರಿ. ನಾನು ಮಾಡಿದಾಗೆಲ್ಲ ಕಂಡಿದ್ದು ಹೆಚ್ಚುಕಮ್ಮಿ ಒಂದೇ, ಕೋಡ್ ಬರೆದು ಕಂಪೈಲ್ ಮಾಡೋಕೆ ಅರ್ಧ ದಿನ ಹಿಡಿದಿರುತ್ತೆ, ಟೆಸ್ಟ್ ರೀಜನ್ (ಟೆಸ್ಟ್‌ಗೆ ಅಂತ ಮಷೀನಿನಲ್ಲಿ ಬೇರೆ ಇಟ್ಟಿರೋ ಜಾಗ) ಖಾಲಿ ಆಗ್ಲಿ ಅಂತ ದಿನಗಟ್ಟಲೆ ಕಾದಿರ್ತೀವಿ, ಟೆಸ್ಟ್ ಡೇಟಾ ಯಾರಾದ್ರೂ ಕೊಡ್ಲಿ ಅಂತ ಇನ್ನಷ್ಟು ದಿನ, ಆಮೇಲೆ ಅಪ್ರೂವಲ್, ಆಮೇಲೆ ಮೂರು ತಿಂಗಳಿಗೊಂದು ಬರೋ ರಿಲೀಸ್. ಶಿಡ್ಲಘಟ್ಟದ ಕಡೆ ರೇಷ್ಮೆ ಸಾಕೋರಿಗೆ ಇದು ಚೆನ್ನಾಗಿ ಅರ್ಥ ಆಗುತ್ತೆ, ಗೂಡು ಬಿಡಿಸಿದ ಮೇಲೆ ಹೊತ್ತಿಗೆ ಸರಿಯಾಗಿ ಮಾರ್ಕೆಟ್‌ಗೆ ಹೋಗ್ಲಿಲ್ಲ ಅಂದ್ರೆ ಚಿಟ್ಟೆ ತೂತು ಮಾಡ್ಕೊಂಡು ಹೊರಗೆ ಬಂದುಬಿಡುತ್ತೆ, ಗೂಡು ನೂಲಿಗೆ ಬರಲ್ಲ. ಬರೆದಿಟ್ಟ ಕೋಡೂ ಹಂಗೇ, ಕೂತಷ್ಟೂ ಕೆಡುತ್ತೆ, ಯಾಕಂದ್ರೆ ಅಷ್ಟರಲ್ಲಿ ಇನ್ಯಾರೋ ಅದೇ ಪ್ರೋಗ್ರಾಂ ಮುಟ್ಟಿರ್ತಾರೆ, ಬರೆದವ್ರಿಗೂ ಯಾಕೆ ಹಂಗೆ ಬರೆದ್ವಿ ಅನ್ನೋದು ಮರೆತಿರುತ್ತೆ.

ಹಾಗಾಗಿ ನನ್ನ ಮೊದಲನೇ ಅಳತೆಗೋಲು ಇದು: ನಿಮ್ಮ ಚೇಂಜ್ ಎಲ್ಲಿ ಕಾಯ್ತಿದೆಯೋ ಆ ಜಾಗನ ಈ ದಾರಿ ಕಮ್ಮಿ ಮಾಡುತ್ತಾ? ಎಡಿಟರ್ ಬದಲಾಯಿಸಿ ಅರ್ಧ ದಿನದ ಕೆಲಸನ ಎರಡು ಗಂಟೆಗೆ ಇಳಿಸಿದ್ರೆ, ಉಳಿದ ಕಾಯೋದು ಹಂಗೇ ಇದ್ರೆ, ದುಡ್ಡು ಕೊಟ್ಟೋರಿಗೆ ಏನೂ ಕಾಣ್ಸಲ್ಲ.

ಎರಡನೇದು ಡಿಪೆಂಡೆನ್ಸಿ, ಅಂದ್ರೆ ಯಾವ ಕೋಡ್ ಯಾವುದರ ಮೇಲೆ ನಿಂತಿದೆ ಅನ್ನೋದು. ಇದನ್ನ ನಾನು ಪೆಟ್ಟು ತಿಂದು ಕಲಿತಿದ್ದು. ಒಂದು ಕ್ಲೈಂಟ್ ಹತ್ರ ಇದ್ದಾಗ ಒಂದು ಕಾಪಿಬುಕ್‌ನಲ್ಲಿ (ಹಲವು ಪ್ರೋಗ್ರಾಂಗಳು ಹಂಚ್ಕೊಳ್ಳೋ ಡೇಟಾ ವಿವರದ ತುಣುಕು) ಒಂದು ಫೀಲ್ಡ್ ಎರಡು ಬೈಟ್ ದೊಡ್ಡದು ಮಾಡಿದ್ವಿ, ಅದನ್ನ ಬಳಸೋ ಪ್ರೋಗ್ರಾಂಗಳ ಪಟ್ಟಿನ ಯಾರೋ ಎಕ್ಸೆಲ್‌ನಲ್ಲಿ ಇಟ್ಕೊಂಡಿದ್ರು, ಆ ಪಟ್ಟಿಲಿ ಒಂದು ಪ್ರೋಗ್ರಾಂ ಬಿಟ್ಟುಹೋಗಿತ್ತು, ಅದು ತಿಂಗಳ ಕೊನೇಲಿ ಮಾತ್ರ ಓಡೋದು, ಓಡಿದ ರಾತ್ರಿ ಸಾಕ್ ಸೆವೆನ್ ಅಬೆಂಡ್, ಅಂದ್ರೆ ನಂಬರ್ ಇರ್ಬೇಕಾದ ಜಾಗದಲ್ಲಿ ಬೇರೇನೋ ಸಿಕ್ಕಿ ಪ್ರೋಗ್ರಾಂ ಅರ್ಧಕ್ಕೇ ನಿಲ್ಲೋದು. ಬೆಳಗಿನ ಜಾವ ನಾಲ್ಕು ಗಂಟೆವರೆಗೂ ಡಂಪ್ (ನಿಂತ ಕ್ಷಣದ ಮೆಮೊರಿಯ ನಕಲು) ಮುಂದಿಟ್ಕೊಂಡು ಕೂತಿದ್ವಿ. ಒಂದು ಕಾಪಿಬುಕ್ ಬದಲಾದ್ರೆ ಯಾವ್ಯಾವ ಪ್ರೋಗ್ರಾಂ ಮತ್ತೆ ಕಂಪೈಲ್ ಆಗ್ಬೇಕು ಅನ್ನೋದು ಮಷೀನಿಗೆ ಗೊತ್ತಿರ್ಬೇಕು, ಮನುಷ್ಯರ ನೆನಪಿನ ಮೇಲೆ ಬಿಡ್ಬಾರದು.

ಮೂರನೇದು ವಾಪಸ್ ಬರೋ ದಾರಿ. ಮೈನ್‌ಫ್ರೇಮ್‌ನಲ್ಲಿ ಹಳೇ ಲೋಡ್ ಮಾಡ್ಯೂಲ್ (ಕಂಪೈಲ್ ಆಗಿ ಓಡೋಕೆ ಸಿದ್ಧವಾದ ಪ್ರೋಗ್ರಾಂ) ವಾಪಸ್ ಹಾಕಿ ಸಿಐಸಿಎಸ್‌ನಲ್ಲಿ ನ್ಯೂಕಾಪಿ (ಅದನ್ನೇ ಎತ್ಕೋ ಅನ್ನೋ ಆದೇಶ) ಕೊಟ್ರೆ ಆಯ್ತು ಅಂತ ಎಲ್ರೂ ಅಂದ್ಕೋತಾರೆ, ಡಿಬಿಟು ಅನ್ನೋ ಡೇಟಾಬೇಸ್‌ನಲ್ಲಿ ಆ ಪ್ರೋಗ್ರಾಂಗೆ ಇರೋ ಪ್ಯಾಕೇಜ್ ಅದಕ್ಕೆ ಹೊಂದಲಿಲ್ಲ ಅಂದ್ರೆ ಮೈನಸ್ 805, ಮೈನಸ್ 818 ಅನ್ನೋ ತಪ್ಪು ಬರುತ್ತೆ, ವಿಸ್ಯಾಮ್ ಅನ್ನೋ ಮೈನ್‌ಫ್ರೇಮ್ ಡೇಟಾ ಫೈಲಿನ ಲೇಔಟೇ ಬದಲಾಗಿದ್ರಂತೂ ಕೋಡ್ ವಾಪಸ್ ಬಂದ್ರೂ ಡೇಟಾ ವಾಪಸ್ ಬರಲ್ಲ. 2012ರ ಜೂನ್‌ನಲ್ಲಿ ಬ್ರಿಟನ್ನಿನ ಆರ್‌ಬಿಎಸ್ ಬ್ಯಾಂಕ್ ಗುಂಪಿನಲ್ಲಿ ಬ್ಯಾಚ್ ಶೆಡ್ಯೂಲರ್ ಸಾಫ್ಟ್‌ವೇರ್ (ರಾತ್ರಿ ಸಾಲಾಗಿ ಓಡೋ ಜಾಬ್‌ಗಳನ್ನ ನಡೆಸೋದು) ಅಪ್‌ಗ್ರೇಡ್ ಮಾಡಿ, ಸರಿಹೋಗ್ಲಿಲ್ಲ ಅಂತ ಹಳೇದಕ್ಕೆ ವಾಪಸ್ ಹೋದಾಗ್ಲೇ ರಾತ್ರಿ ಬ್ಯಾಚ್‌ಗಳೆಲ್ಲ ಕೆಟ್ಟಿದ್ದು, ಲಕ್ಷಾಂತರ ಜನರ ಖಾತೆಗೆ ದುಡ್ಡು ಸರಿಯಾಗಿ ಸೇರ್ಲಿಲ್ಲ, 2014ರಲ್ಲಿ ನಿಯಂತ್ರಕರು ಒಟ್ಟು 5 ಕೋಟಿ 60 ಲಕ್ಷ ಪೌಂಡ್ ದಂಡ ಹಾಕಿದ್ರು. ಮುಂದೆ ಹೋಗೋದನ್ನ ಹತ್ತು ಸಲ ಟೆಸ್ಟ್ ಮಾಡೋರು ಹಿಂದೆ ಬರೋದನ್ನೂ ಒಂದ್ಸಲ ಮಾಡಿ ನೋಡಿ.

ಇನ್ನು ಆಡಿಟ್, ಟೀಮಿನ ಕೈಗಳು, ದುಡ್ಡು ಇದ್ದೇ ಇದೆ. ಆಡಿಟ್ ಅಂದ್ರೆ ಕೋಡ್ ಬರೆದೋರೇ ಅದನ್ನ ಪ್ರೊಡಕ್ಷನ್‌ಗೆ ಕಳಿಸ್ಬಾರದು, ಯಾರು ಯಾವಾಗ ಒಪ್ಪಿದ್ರು ಅನ್ನೋದಕ್ಕೆ ದಾಖಲೆ ಇರ್ಬೇಕು. ಟೀಮಿನ ಕೈಗಳು ಅಂದ್ರೆ ನಿಮ್ಮ ಟೀಮಲ್ಲಿ ಐಎಸ್‌ಪಿಎಫ್ ಅನ್ನೋ ಮೈನ್‌ಫ್ರೇಮ್‌ನ ಹಳೇ ಹಸಿರು ಪರದೆಲೇ ಬೆರಳು ಓಡೋ ಐವತ್ತೈದರ ಹಿರಿಯರು ಎಷ್ಟು ಜನ, ವಿಎಸ್ ಕೋಡ್ ಅನ್ನೋ ಎಡಿಟರ್ ಬಿಟ್ಟು ಬೇರೆ ನೋಡಿಲ್ದೇ ಇರೋ ಹುಡುಗ್ರು ಎಷ್ಟು ಜನ. ದುಡ್ಡಿನ ವಿಷಯಕ್ಕೆ ಒಂದೇ ಮಾತು, ಲೈಸೆನ್ಸ್ ಬೆಲೆ ಮಾತ್ರ ನೋಡ್ಬೇಡಿ, ಎಷ್ಟೋ ಕಡೆ ಇವತ್ತಿಗೂ ನಾಲ್ಕು ಗಂಟೆಯ ರೋಲಿಂಗ್ ಸರಾಸರಿಯ (ಹಿಂದಿನ ನಾಲ್ಕು ಗಂಟೆಲಿ ಮಷೀನ್ ಎಷ್ಟು ದುಡೀತು ಅನ್ನೋ ಲೆಕ್ಕದ) ತಿಂಗಳ ಪೀಕ್ ಮೇಲೆ ಸಾಫ್ಟ್‌ವೇರ್ ಬಿಲ್ ನಿಂತಿರುತ್ತೆ, ಪ್ರತಿ ಕಮಿಟ್‌ಗೂ (ಕೋಡ್ ಬದಲಾವಣೆ ಉಳಿಸಿದಾಗೆಲ್ಲ) ಮುನ್ನೂರು ಪ್ರೋಗ್ರಾಂ ಕಂಪೈಲ್ ಮಾಡೋ ಪೈಪ್‌ಲೈನ್‌ನ (ತಾನಾಗೇ ನಡೆಯೋ ಕೆಲಸಗಳ ಸಾಲು) ಹಗಲು ಹೊತ್ತು ಜಾಸ್ತಿ ಲೋಡ್ ಇರೋವಾಗ ಓಡಿಸಿದ್ರೆ ಆ ಬಿಲ್‌ನಲ್ಲಿ ಕಾಣ್ಸುತ್ತೆ.

ಇರೋ ಎಂಡೆವರನ್ನೇ ಚುರುಕು ಮಾಡೋದು

ಎಂಡೆವರ್, ಇಲ್ಲಾ ಅದೇ ಕೆಲಸ ಮಾಡೋ ಚೇಂಜ್‌ಮ್ಯಾನ್, ಐಎಸ್‌ಪಿಡಬ್ಲ್ಯೂ, ಯಾವುದೇ ಇರ್ಲಿ, ಇದನ್ನ ಹಳೇದು ಅಂತ ಎಸೆಯೋಕೆ ಮುಂಚೆ ಒಂದ್ಸಲ ಯೋಚನೆ ಮಾಡಿ. ಎಂಡೆವರ್‌ನಲ್ಲಿ ಪ್ರತಿ ಲೋಡ್ ಮಾಡ್ಯೂಲ್ ಯಾವ ಸೋರ್ಸ್‌ನಿಂದ ಬಂತು ಅನ್ನೋದಕ್ಕೆ ಫುಟ್‌ಪ್ರಿಂಟ್ ಇರುತ್ತೆ, ಅದರ ಎಸಿಎಂ ಅನ್ನೋ ಭಾಗ ಹಾಕ್ಕೊಂಡಿದ್ರೆ ಯಾವ ಕಾಪಿಬುಕ್ ಯಾರ್ಯಾರಿಗೆ ಬೇಕು ಅನ್ನೋದು ಅದಕ್ಕೆ ಗೊತ್ತಿರುತ್ತೆ, ಪ್ಯಾಕೇಜ್ (ಒಟ್ಟಿಗೆ ಕಳಿಸೋ ಚೇಂಜ್‌ಗಳ ಗಂಟು) ಕಾಸ್ಟ್ ಆಗಿ (ಇನ್ನು ಬದಲಾಯಿಸೋ ಹಂಗಿಲ್ಲ ಅಂತ ಮುಚ್ಚಿ) ಅಪ್ರೂವ್ ಆಗಿ ಎಕ್ಸಿಕ್ಯೂಟ್ ಆಗೋ ಕ್ರಮ ಆಡಿಟ್‌ನವ್ರಿಗೆ ಬಾಯಿಪಾಠ. ಇವತ್ತು ಅದನ್ನ ಹಸಿರು ಪರದೆಯಿಂದಲೇ ಮಾಡ್ಬೇಕು ಅಂತಿಲ್ಲ, ಕಮಾಂಡ್ ಲೈನ್‌ನಿಂದ ಮಾಡ್ಬಹುದು, ಜೆಂಕಿನ್ಸ್ ಅನ್ನೋ ಆಟೋಮೇಷನ್ ಟೂಲ್‌ನಿಂದ ಪ್ಯಾಕೇಜ್ ಕಳಿಸ್ಬಹುದು, ವಿಎಸ್ ಕೋಡ್‌ನಲ್ಲಿ ಎಲಿಮೆಂಟ್ (ಎಂಡೆವರ್ ಒಳಗಿನ ಸೋರ್ಸ್ ಫೈಲ್) ತೆಗೆದು ಎಡಿಟ್ ಮಾಡ್ಬಹುದು, ಗಿಟ್ ಬೇಕೇ ಬೇಕು ಅನ್ನೋ ಹುಡುಗ್ರಿಗೆ ಎಂಡೆವರ್‌ಗೂ ಗಿಟ್‌ಗೂ ಸೇತುವೆ ಹಾಕೋ ಬ್ರಿಡ್ಜೂ ಇದೆ.

ಕಷ್ಟ ಎಲ್ಲಿ ಅಂದ್ರೆ ಒಂದೇ ಪ್ರೋಗ್ರಾಂನ ಇಬ್ರು ಮೂರು ಜನ ಒಟ್ಟಿಗೆ ಮುಟ್ಟೋವಾಗ. ಸೈನ್‌ಔಟ್ (ಇದನ್ನ ನಾನು ಎಡಿಟ್ ಮಾಡ್ತಿದೀನಿ ಅನ್ನೋ ಬೀಗ) ಒಬ್ರ ಹೆಸರಲ್ಲಿ ಇದ್ರೆ ಇನ್ನೊಬ್ರು ಕಾಯ್ಬೇಕು, ಇಲ್ಲಾ ಓವರ್‌ರೈಡ್ ಮಾಡಿ ಆಮೇಲೆ ಕೈಯಲ್ಲಿ ಮರ್ಜ್ ಮಾಡ್ಬೇಕು, ಅಲ್ಲೇ ತಪ್ಪು ನುಗ್ಗೋದು. ನಿಮ್ಮ ಹಾಳೆ ಮೇಲೆ ಕಾಯೋ ದಿನಗಳು ಸೈನ್‌ಔಟ್‌ನಿಂದಾನೇ ಬಂದಿದ್ರೆ ಈ ದಾರಿ ಸಾಲದು. ಅಪ್ರೂವಲ್‌ನಿಂದ, ಕೈಯಿಂದ ಪ್ಯಾಕೇಜ್ ಮಾಡೋದ್ರಿಂದ ಬಂದಿದ್ರೆ ಇದರಷ್ಟು ಕಮ್ಮಿ ಖರ್ಚಲ್ಲಿ ಬೇಗ ಫಲ ಕೊಡೋದು ಇನ್ನೊಂದಿಲ್ಲ.

ಪೂರ್ತಿ ಗಿಟ್‌ಗೆ ಹೋಗೋದು

ಇದು ನನಗೆ ಇಷ್ಟದ ದಾರಿ, ಮುಚ್ಚುಮರೆ ಇಲ್ದೇ ಹೇಳ್ತೀನಿ, ಆದ್ರೆ ಎಲ್ರಿಗೂ ಅಲ್ಲ. ಸೋರ್ಸ್ ಎಲ್ಲ ಗಿಟ್‌ನಲ್ಲಿ, ರಾಕೆಟ್ ಸಾಫ್ಟ್‌ವೇರ್‌ನವ್ರು ಜೆಡ್‌ಓಎಸ್‌ಗೆ (ಮೈನ್‌ಫ್ರೇಮ್‌ನ ಆಪರೇಟಿಂಗ್ ಸಿಸ್ಟಮ್) ತಂದಿರೋ ಗಿಟ್ ಮೈನ್‌ಫ್ರೇಮ್ ಒಳಗೇ ಯೂನಿಕ್ಸ್ ಸಿಸ್ಟಮ್ ಸರ್ವೀಸಸ್ ಅನ್ನೋ ಭಾಗದಲ್ಲಿ ಓಡುತ್ತೆ, ಐಬಿಎಂನ ಡಿಬಿಬಿ ಅನ್ನೋದು ಯಾವ ಫೈಲ್ ಬದಲಾಯ್ತು, ಅದರಿಂದ ಯಾವ್ಯಾವುದು ಮತ್ತೆ ಬಿಲ್ಡ್ ಆಗ್ಬೇಕು ಅಂತ ಲೆಕ್ಕ ಹಾಕಿ ಅಷ್ಟನ್ನೇ ಕಂಪೈಲ್ ಮಾಡುತ್ತೆ, ಮೇಲೆ ಜೆಂಕಿನ್ಸೋ ಗಿಟ್‌ಲ್ಯಾಬೋ ಕೂತು ಎಲ್ಲಾ ನಡೆಸುತ್ತೆ. ನಾನು ಮೇಲೆ ಹೇಳಿದ ಆ ಸಾಕ್ ಸೆವೆನ್ ರಾತ್ರಿ ಇಲ್ಲಿ ಬರೋ ಸಂಭವ ತುಂಬಾ ಕಮ್ಮಿ. ಇನ್ನೊಂದು ದೊಡ್ಡ ಲಾಭ ಪುಲ್ ರಿಕ್ವೆಸ್ಟ್ (ಬದಲಾವಣೆ ಸೇರಿಸೋ ಮುಂಚೆ ಬೇರೆಯವ್ರು ನೋಡಿ ಒಪ್ಪೋ ಹಂತ), ಮೂವತ್ತು ವರ್ಷ ಅದೇ ಪ್ರೋಗ್ರಾಂ ನೋಡಿರೋ ಹಿರಿಯರು ಹುಡುಗರ ಕೋಡ್ ಪಕ್ಕದಲ್ಲಿ "ಇಲ್ಲಿ ಕಾಂಪ್ 3 ಫೀಲ್ಡ್‌ಗೆ ಸ್ಪೇಸ್ ಬರುತ್ತೆ, ನ್ಯೂಮರಿಕ್ ಚೆಕ್ ಹಾಕಪ್ಪ" ಅಂತ ಬರೀತಾರಲ್ಲ, ಆ ಒಂದೊಂದು ಸಾಲೂ ಉಳ್ಕೊಳ್ಳುತ್ತೆ. ಅವ್ರು ರಿಟೈರ್ ಆದ್ಮೇಲೂ ಉಳ್ಕೊಳ್ಳುತ್ತೆ.

ಬೆಲೆ ಏನು ಅಂದ್ರೆ ವಲಸೆ. ಮೈನ್‌ಫ್ರೇಮ್ ಸೋರ್ಸ್ ಎಬ್ಸಿಡಿಕ್ ಅನ್ನೋ ಅಕ್ಷರ ಸಂಕೇತದಲ್ಲಿದೆ, ಗಿಟ್‌ನಲ್ಲಿ ಯುಟಿಎಫ್ 8 ಅನ್ನೋ ಬೇರೆ ಸಂಕೇತದಲ್ಲಿ ಇರುತ್ತೆ, ಹೋಗ್ತಾ ಬರ್ತಾ ಕನ್ವರ್ಟ್ ಆಗ್ಬೇಕು, ಅದನ್ನ ಗಿಟ್ಆಟ್ರಿಬ್ಯೂಟ್ಸ್ ಫೈಲಿನಲ್ಲಿ ಸರಿಯಾಗಿ ಬರೀಬೇಕು. ಹಳೇ ಪ್ರೋಗ್ರಾಂಗಳಲ್ಲಿ ಕೆಲವ್ರು ಕೋಟ್ ಮಧ್ಯೆ ಕಣ್ಣಿಗೆ ಕಾಣದ ಹೆಕ್ಸ್ ಅಕ್ಷರ ನೇರವಾಗಿ ತುಂಬಿರ್ತಾರೆ, ಅದು ಕನ್ವರ್ಟ್ ಆಗಿ ವಾಪಸ್ ಬಂದಾಗ ಬೇರೆನೇ ಆಗಿರುತ್ತೆ, ಕಂಪೈಲ್ ಚೆನ್ನಾಗೇ ಆಗುತ್ತೆ, ಓಡೋವಾಗ ತಪ್ಪು. ವಲಸೆ ಮಾಡೋ ಟೂಲ್ ಇಂಥದ್ದನ್ನ ಹಿಡಿದು ಎಚ್ಚರಿಕೆ ಕೊಡುತ್ತೆ, ಆ ಎಚ್ಚರಿಕೆ ಪಟ್ಟಿನ ಓದದೇ ಮುಂದೆ ಹೋಗ್ಬೇಡಿ. ಆಮೇಲೆ ಹತ್ತಾರು ಅಪ್ಲಿಕೇಶನ್‌ಗಳು ಹಂಚ್ಕೊಂಡಿರೋ ಕಾಪಿಬುಕ್‌ಗೆ ಯಜಮಾನ ಯಾರು ಅನ್ನೋ ಪ್ರಶ್ನೆ ಬರುತ್ತೆ, ಅದು ಯಾವ ರೆಪೊಸಿಟರಿಲಿ (ಗಿಟ್‌ನ ಕೋಡ್ ಉಗ್ರಾಣ) ಇರ್ಬೇಕು, ಬದಲಾಯಿಸೋ ಹಕ್ಕು ಯಾರಿಗೆ ಅನ್ನೋದು. ಇದು ಟೂಲ್ ಬಗೆಹರಿಸೋ ವಿಷಯ ಅಲ್ಲ, ಟೀಮುಗಳು ಕೂತು ಮಾತಾಡ್ಬೇಕು, ನಮ್ಮಲ್ಲಿ ತಾಂತ್ರಿಕ ಕೆಲಸಕ್ಕಿಂತ ಈ ಮಾತುಕತೆಗೇ ಜಾಸ್ತಿ ಸಮಯ ಹಿಡೀತು. ಹಳೇ ಹಿಸ್ಟರಿನೆಲ್ಲ ಗಿಟ್‌ಗೆ ತರ್ಬೇಕು ಅಂತ ಹಠ ಮಾಡ್ಬೇಡಿ, ಹಳೇದನ್ನ ಓದೋಕೆ ಮಾತ್ರ ಅಂತ ಹಂಗೇ ಬಿಡಿ.

ಝೋವಿ ಹಾಕಿ ಸಣ್ಣದಾಗಿ ಶುರು ಮಾಡೋದು

ಝೋವಿ ಅಂದ್ರೆ 2018ರಲ್ಲಿ ಐಬಿಎಂ, ಸಿಎ ಟೆಕ್ನಾಲಜೀಸ್, ರಾಕೆಟ್ ಸಾಫ್ಟ್‌ವೇರ್ ಸೇರಿ ಓಪನ್ ಮೈನ್‌ಫ್ರೇಮ್ ಪ್ರಾಜೆಕ್ಟ್ ಅಡಿಯಲ್ಲಿ ತಂದ ಓಪನ್ ಸೋರ್ಸ್, ಹೊರಗಿನ ಕಂಪ್ಯೂಟರ್‌ನಿಂದ ಮೈನ್‌ಫ್ರೇಮ್ ಕೆಲಸ ಮಾಡೋಕೆ ಇರೋ ಟೂಲ್‌ಗಳು. ಲೈಸೆನ್ಸ್ ದುಡ್ಡಿಲ್ಲ. ವಿಎಸ್ ಕೋಡ್‌ನಲ್ಲಿ ಝೋವಿ ಎಕ್ಸ್‌ಪ್ಲೋರರ್ ಹಾಕ್ಕೊಂಡ್ರೆ ಪಿಡಿಎಸ್ ಮೆಂಬರ್‌ಗಳು (ಮೈನ್‌ಫ್ರೇಮ್ ಲೈಬ್ರರಿಯೊಳಗಿನ ಫೈಲ್‌ಗಳು) ಫೋಲ್ಡರ್ ತರ ಕಾಣ್ಸುತ್ತೆ, ಜಾಬ್ ಸಬ್ಮಿಟ್ ಮಾಡಿ ಸ್ಪೂಲ್ (ಜಾಬ್‌ನ ಔಟ್‌ಪುಟ್) ಅಲ್ಲೇ ನೋಡ್ಬಹುದು, ಕಮಾಂಡ್ ಲೈನ್‌ನಿಂದ ಅದೇ ಕೆಲಸನ ಸ್ಕ್ರಿಪ್ಟ್ ಮಾಡಿದ್ರೆ ಜೆಂಕಿನ್ಸ್ ರಾತ್ರಿ ಜಾಬ್ ಓಡಿಸಿ ರಿಟರ್ನ್ ಕೋಡ್ ನಾಲ್ಕಕ್ಕಿಂತ ಜಾಸ್ತಿ ಬಂದ್ರೆ, ಅಂದ್ರೆ ಜಾಬ್ ಎಡವಿದ್ರೆ, ಮೆಸೇಜ್ ಕಳಿಸುತ್ತೆ. ಮೈನ್‌ಫ್ರೇಮ್ ಕಡೆ ಜೆಡ್‌ಓಎಸ್‌ಎಂಎಫ್ (ಹೊರಗಿನ ಟೂಲ್‌ಗಳ ಮಾತು ಕೇಳೋ ಸರ್ವರ್) ಎದ್ದಿರ್ಬೇಕು, ಅದು ಜೆಡ್‌ಓಎಸ್ ಜೊತೆಗೇ ಬರುತ್ತೆ, ಸಿಸ್ಟಮ್ ಪ್ರೋಗ್ರಾಮರ್ ಒಬ್ರು ಸೆಟಪ್ ಮಾಡಿ ರಾಕ್ಎಫ್ ಅನ್ನೋ ಭದ್ರತಾ ಸಾಫ್ಟ್‌ವೇರ್‌ನಲ್ಲಿ ಪರ್ಮಿಷನ್ ಕೊಡ್ಬೇಕು. ಆ ಸಿಸ್ಟಮ್ ಪ್ರೋಗ್ರಾಮರನ್ನ ಮೊದಲ ದಿನದಿಂದಲೇ ಜೊತೆಗೆ ಕೂರಿಸ್ಕೊಳ್ಳಿ, ಎಲ್ಲಾ ತೀರ್ಮಾನ ಆದ್ಮೇಲೆ ಹೋಗಿ ಪರ್ಮಿಷನ್ ಕೇಳಿದ್ರೆ ಅವ್ರು ಬೇಡ ಅನ್ನೋದ್ರಲ್ಲಿ ತಪ್ಪೇನಿಲ್ಲ.

ಇದರ ಮಿತಿ ಸ್ಪಷ್ಟ. ಸೋರ್ಸ್ ಕಂಟ್ರೋಲ್ ಸಮಸ್ಯೆನ ಝೋವಿ ಬಗೆಹರಿಸಲ್ಲ, ಡಿಪೆಂಡೆನ್ಸಿ ಲೆಕ್ಕನೂ ಹಾಕಲ್ಲ. ಆದ್ರೆ ಮುಂದೆ ಎಂಡೆವರ್ ಕಡೆ ಹೋದ್ರೂ ಗಿಟ್ ಕಡೆ ಹೋದ್ರೂ ಇಲ್ಲಿ ಕಲಿತಿದ್ದು ಒಂದೂ ವೇಸ್ಟ್ ಆಗಲ್ಲ. ಬಜೆಟ್ ಇಲ್ಲ, ಮೇಲಿನೋರಿಗೆ ನಂಬಿಕೆನೂ ಇನ್ನೂ ಬಂದಿಲ್ಲ ಅನ್ನೋ ಟೀಮ್‌ಗೆ ನಾನು ಮೊದಲು ಹೇಳೋದು ಇದನ್ನೇ.

ಟೆಸ್ಟ್ ಜಾಗನೇ ಬೇರೆ ಮಾಡ್ಕೊಳ್ಳೋದು

ಇದರ ಬಗ್ಗೆ ಜನ ಕಮ್ಮಿ ಮಾತಾಡ್ತಾರೆ, ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಮುಖ್ಯ. ಐಬಿಎಂನ ಝಡ್‌ಡಿಅಂಡ್‌ಟಿ ಸಾಧಾರಣ ಇಂಟೆಲ್ ಸರ್ವರ್ ಮೇಲೆ ಜೆಡ್‌ಓಎಸ್ ಓಡಿಸುತ್ತೆ, ಡೆವಲಪ್‌ಮೆಂಟ್‌ಗೆ, ಟೆಸ್ಟ್‌ಗೆ ಮಾತ್ರ. ಕ್ಲೌಡ್‌ನಲ್ಲಿ ಜೆಡ್‌ಓಎಸ್ ಬಾಡಿಗೆಗೆ ತಗೊಳ್ಳೋ ದಾರಿನೂ ಇದೆ. ಪ್ರತಿ ಟೀಮ್‌ಗೂ ತನ್ನದೇ ರೀಜನ್ ಸಿಕ್ಕಿದ್ರೆ "ಇವತ್ತು ನಮ್ಮ ಟೆಸ್ಟ್ ಇದೆ, ನೀವು ಮುಟ್ಬೇಡಿ" ಅನ್ನೋ ಜಗಳ ನಿಲ್ಲುತ್ತೆ, ದೊಡ್ಡ ಮಷೀನಿನ ಪೀಕ್‌ನೂ ಮುಟ್ಟಲ್ಲ. ಪರ್ಫಾರ್ಮೆನ್ಸ್ ಟೆಸ್ಟ್ ಮಾತ್ರ ಇದರ ಮೇಲೆ ಮಾಡ್ಬೇಡಿ, ಬರೋ ನಂಬರ್ ನಿಜವಾದ ಮಷೀನಿಗೆ ಹೊಂದಲ್ಲ.

ಆದ್ರೆ ಡೇಟಾ ಎಲ್ಲಿಂದ? ಪ್ರೊಡಕ್ಷನ್ ಡೇಟಾನ ಹಂಗೇ ತಂದು ಹಾಕೋ ಹಂಗಿಲ್ಲ, ಹೆಸರು, ಖಾತೆ ನಂಬರ್ ಎಲ್ಲಾ ಮಾಸ್ಕ್ ಆಗ್ಬೇಕು (ಗುರುತು ಸಿಗದ ಹಂಗೆ ಮುಚ್ಬೇಕು), ಮಾಸ್ಕ್ ಆದ್ಮೇಲೂ ವಿಸ್ಯಾಮ್ ಫೈಲಿನ ಖಾತೆಗೂ ಡಿಬಿಟು ಟೇಬಲ್‌ನ ಖಾತೆಗೂ ತಾಳೆ ಇರ್ಬೇಕು. ಈ ಕೆಲಸ ಬೋರು, ಯಾರೂ ಇದಕ್ಕೆ ಶಭಾಷ್ ಅನ್ನಲ್ಲ, ಆದ್ರೂ ಇದಕ್ಕೆ ಒಬ್ರನ್ನ ಪೂರ್ತಿ ಎರಡು ತಿಂಗಳು ಕೂರಿಸಿ. ಜೊತೆಗೆ ಕೋಬಾಲ್ ಚೆಕ್ ಅನ್ನೋ ಓಪನ್ ಸೋರ್ಸ್ ಯೂನಿಟ್ ಟೆಸ್ಟ್ ಟೂಲ್ ಇದೆ, ದೊಡ್ಡ ಟೆಸ್ಟ್‌ಗಳನ್ನ ಆಟೋಮೇಟ್ ಮಾಡೋಕೆ ಗಲಾಸಾ ಇದೆ. ಎಲ್ಲಾ ಪ್ರೋಗ್ರಾಂಗೂ ಟೆಸ್ಟ್ ಬರೀತೀವಿ ಅಂತ ಹೊರಟ್ರೆ ಮುಗಿಯಲ್ಲ, ಮುಟ್ಟಿದ ಪ್ಯಾರಾಗ್ರಾಫ್‌ಗೆ ಮಾತ್ರ ಬರೀತಾ ಹೋಗಿ.

ಮ್ಯಾನೇಜರು ಹೇಳೋ ಜಾವಾ ದಾರಿ

ಪೂರ್ತಿ ಹೊಸದಾಗಿ ಬರೆದು ಒಂದು ವಾರಾಂತ್ಯದಲ್ಲಿ ಎಲ್ಲಾ ಬದಲಾಯಿಸೋದು ಬೇಡ ಅಂತ ನೇರವಾಗೇ ಹೇಳ್ತೀನಿ. 2018ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕ್ ಹಳೇ ವ್ಯವಸ್ಥೆಯಿಂದ ಹೊಸ ಪ್ಲಾಟ್‌ಫಾರ್ಮ್‌ಗೆ ಒಂದೇ ಏಟಿಗೆ ಗ್ರಾಹಕರನ್ನ ಸಾಗಿಸ್ತು, ಡೇಟಾ ಏನೋ ಸರಿಯಾಗೇ ಹೋಯ್ತು, ಹೊಸ ಪ್ಲಾಟ್‌ಫಾರ್ಮ್ ತಡ್ಕೊಳ್ಳಲಿಲ್ಲ, ಎಷ್ಟೋ ಜನಕ್ಕೆ ತಮ್ಮ ಖಾತೆಗೆ ಹೋಗೋಕೇ ಆಗ್ಲಿಲ್ಲ, 2022ರಲ್ಲಿ 4 ಕೋಟಿ 86 ಲಕ್ಷ ಪೌಂಡ್ ಮೇಲೆ ದಂಡ ಬಿತ್ತು. ನಮ್ಮ ತಿಪಟೂರು ಕಡೆ ತೋಟದೋರು ಮುದಿಯಾದ ತೆಂಗನ್ನ ಒಟ್ಟಿಗೆ ಕಡಿಯಲ್ಲ, ಸಾಲಿನ ಮಧ್ಯೆ ಸಸಿ ನೆಡ್ತಾರೆ, ಅದು ಫಸಲಿಗೆ ಬರೋವರೆಗೂ ಹಳೇ ಮರದ ಕಾಯಲ್ಲೇ ಮನೆ ನಡೆಯುತ್ತೆ, ಆಮೇಲೆ ಒಂದೊಂದಾಗಿ ತೆಗೀತಾರೆ. ಹಂಗೆ ಮಾಡೋದಾದ್ರೆ ಜಾವಾ ದಾರಿನೂ ಸರಿಯೇ. ಬ್ಯಾಲೆನ್ಸ್ ನೋಡೋದು, ಸ್ಟೇಟ್‌ಮೆಂಟ್ ತೆಗೆಯೋದು ಇಂಥ ಓದೋ ಕೆಲಸಗಳನ್ನ ಎಪಿಐ (ಬೇರೆ ಪ್ರೋಗ್ರಾಂಗಳು ಕೇಳಿ ಉತ್ತರ ಪಡೆಯೋ ಬಾಗಿಲು) ಹಿಂದೆ ಇಟ್ಟು ಮೊದಲು ಅದನ್ನ ಹೊರಗೆ ತನ್ನಿ, ದುಡ್ಡು ಬರೆಯೋ ಕೆಲಸ ಕೊನೆಗೆ. ಹಂಗೆ ತೆಗೆಯೋ ಅಷ್ಟೂ ವರ್ಷ ಮೈನ್‌ಫ್ರೇಮ್ ಕಡೆನೂ ಚೇಂಜ್ ಬರ್ತಾನೇ ಇರುತ್ತೆ, ಅಂದ್ರೆ ಮೇಲಿನ ದಾರಿಗಳಲ್ಲಿ ಒಂದು ಹೇಗಿದ್ರೂ ಬೇಕು.

ಸ್ಕ್ರಮ್ಮಾ, ಕಾನ್ಬಾನಾ

ಅಜೈಲ್ ಅಂದ ತಕ್ಷಣ ಸ್ಕ್ರಮ್ ಅಂತ ಎರಡು ವಾರದ ಸ್ಪ್ರಿಂಟ್ ಶುರು ಮಾಡ್ತಾರೆ, ಅಂದ್ರೆ ಎರಡು ವಾರಕ್ಕೆ ಇಷ್ಟು ಮುಗಿಸ್ತೀವಿ ಅಂತ ಒಪ್ಕೊಂಡು ಕೆಲಸ ಮಾಡೋದು. ರಾತ್ರಿ ಆನ್‌ಕಾಲ್ ಇರೋ ಆರು ಜನದ ಮೇಂಟೆನೆನ್ಸ್ ಟೀಮ್‌ಗೆ ಇದು ಕೂರಲ್ಲ, ಮಂಗಳವಾರ ರಾತ್ರಿ ಬ್ಯಾಚ್ ಬಿದ್ರೆ ಬುಧವಾರ ಪೂರ್ತಿ ಅದಕ್ಕೇ ಹೋಯ್ತು, ಸ್ಪ್ರಿಂಟ್ ಕೊನೇಲಿ ಒಪ್ಕೊಂಡಿದ್ದು ಮುಗಿದಿರಲ್ಲ, ಪ್ರತಿ ಸಲ ಸೋತ ಹಂಗೆ ಅನ್ನಿಸಿ ಟೀಮ್ ಮನಸ್ಸು ಕೆಡುತ್ತೆ. ಅವ್ರಿಗೆ ಕಾನ್ಬಾನ್ ಕೊಡಿ, ಒಂದು ಬೋರ್ಡ್, ಒಬ್ರ ಕೈಲಿ ಎರಡಕ್ಕಿಂತ ಜಾಸ್ತಿ ಕೆಲಸ ಇರ್ಬಾರದು ಅನ್ನೋ ಒಂದು ನಿಯಮ, ತುರ್ತು ಬಂದ್ರೆ ಅದಕ್ಕೆ ಬೇರೆ ಸಾಲು. ಮೊಬೈಲ್ ಆಪ್‌ನಿಂದ ಸಿಐಸಿಎಸ್‌ವರೆಗೂ ಮುಟ್ಟೋ ಹೊಸ ಫೀಚರ್ ಮಾಡೋ ಟೀಮ್‌ಗೆ ಸ್ಕ್ರಮ್ ಚೆನ್ನಾಗಿ ಹೊಂದುತ್ತೆ, ಆದ್ರೆ ಕೋಬಾಲ್‌ನವ್ರು ಅದೇ ಟೀಮಿನ ಒಳಗೆ ಇರ್ಬೇಕು, ಬೇರೆ ಡಿಪಾರ್ಟ್‌ಮೆಂಟ್‌ನಲ್ಲಿ ಕೂತು ಟಿಕೆಟ್‌ಗೆ ಉತ್ತರ ಕೊಡೋ ಹಂಗಿದ್ರೆ ಆಗಲ್ಲ.

ಹಾಗಾದ್ರೆ ಯಾರು ಯಾವುದನ್ನ ಹಿಡೀಬೇಕು

ಟೀಮಲ್ಲಿ ಹಿರಿಯರೇ ಜಾಸ್ತಿ, ಆಡಿಟ್ ಬಿಗಿ, ವರ್ಷಕ್ಕೆ ಬೆರಳೆಣಿಕೆಯ ಚೇಂಜ್ ಅಂದ್ರೆ ಎಂಡೆವರ್ ಬಿಡ್ಬೇಡಿ, ಅದಕ್ಕೆ ಪೈಪ್‌ಲೈನ್ ಕಟ್ಟಿ ಸಾಕು. ಮೂರು ನಾಲ್ಕು ಟೀಮ್ ಒಂದೇ ಕೋಡ್ ಮೇಲೆ ಬೀಳ್ತಿದ್ರೆ, ಹೊಸ ಹುಡುಗ್ರು ಸೇರ್ತಿದ್ರೆ, ಒಂದೂವರೆ ವರ್ಷ ತಾಳ್ಮೆಯಿಂದ ದುಡ್ಡು ಕೊಡೋ ಮೇಲಿನೋರಿದ್ರೆ ಗಿಟ್‌ಗೆ ಹೋಗಿ, ಹೋಗೋವಾಗ ಕಾಪಿಬುಕ್ ಕಮ್ಮಿ ಹಂಚ್ಕೊಂಡಿರೋ ಒಂದು ಅಪ್ಲಿಕೇಶನ್‌ನಿಂದ ಶುರು ಮಾಡಿ. ಚಿಕ್ಕಬಳ್ಳಾಪುರದ ಗೆಳತಿಯೊಬ್ಬಳ ಟೀಮಲ್ಲಿ ನಾಲ್ಕೇ ಜನ, ಒಂದು ರೂಪಾಯಿ ಬಜೆಟ್ ಇಲ್ಲ, ಅವ್ಳಿಗೆ ಝೋವಿ ಹೇಳಿದೆ, ದಿನಾ ಬೆಳಗ್ಗೆ ಕೈಯಲ್ಲಿ ನೋಡ್ತಿದ್ದ ಬ್ಯಾಚ್ ರಿಪೋರ್ಟ್ ಈಗ ತಾನೇ ಬಂದು ಬೀಳುತ್ತೆ, ಅಷ್ಟಕ್ಕೇ ಅವ್ಳ ಮ್ಯಾನೇಜರ್ ಮುಂದಿನದಕ್ಕೆ ಒಪ್ಪಿದಾರೆ. ಯಾವ ದಾರಿ ಹಿಡಿದ್ರೂ ಆರು ತಿಂಗಳಿಗೊಂದ್ಸಲ ನಾಲ್ಕು ವಿಷಯ ನೋಡ್ತಾ ಇರಿ: ಎಷ್ಟು ಸಲ ಪ್ರೊಡಕ್ಷನ್‌ಗೆ ಹೋದ್ವಿ, ಒಂದು ಚೇಂಜ್‌ಗೆ ಎಷ್ಟು ದಿನ ಹಿಡೀತು, ಹೋದವುಗಳಲ್ಲಿ ಎಷ್ಟು ಕೆಟ್ವು, ಕೆಟ್ಟಿದ್ದು ಸರಿಹೋಗೋಕೆ ಎಷ್ಟು ಹೊತ್ತಾಯ್ತು.

ಕೋಲಾರದ ಹುಡುಗನಿಗೆ ಆ ಹಾಳೆ ಬರೆದು ಕಳಿಸಪ್ಪ ಅಂದಿದ್ದೆ. ನಿನ್ನೆ ರಾತ್ರಿ ಫೋಟೋ ತೆಗೆದು ಕಳಿಸಿದ. ಕೋಡಿಂಗ್ ಒಂದು ದಿನ, ಸೈನ್‌ಔಟ್‌ಗೆ ಕಾದಿದ್ದು ಸೊನ್ನೆ, ಟೆಸ್ಟ್ ರೀಜನ್‌ಗೆ ಕಾದಿದ್ದು ಹನ್ನೊಂದು ದಿನ. ಈಗ ಅವ್ನು ಇನ್ನೊಂದು ಸಿಐಸಿಎಸ್ ಟೆಸ್ಟ್ ರೀಜನ್ ಕೇಳಿ ರಿಕ್ವೆಸ್ಟ್ ಹಾಕ್ತಿದಾನೆ, ಡೇಟಾ ಮಾಸ್ಕ್ ಮಾಡೋಕೆ ಒಬ್ರನ್ನ ಗೊತ್ತು ಮಾಡಿದಾನೆ, ಗಿಟ್ ಮಾತು ಯುಗಾದಿ ಕಳೆದ ಮೇಲೆ ತೆಗೀತಾನಂತೆ.